ಹಾಸಿಗೆ ಯಾರದು?

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅನ್ನೋ ಗಾದೆ ಕೇಳದೆ ಬೆಳೆದ ಕನ್ನಡಿಗರು ಇರಲಿಕ್ಕಿಲ್ಲ. ನಮ್ಮಪ್ಪನಿಗಂತೂ ಅದು ಗಾದೆಯಲ್ಲ, ಹಣಕಾಸು ನೀತಿ. ಅಡಿಕೆ ಮಾರಿದ ದುಡ್ಡು ಬಂದಾಗಲೂ ಅದೇ, ಬಾರದಿದ್ದಾಗಲೂ ಅದೇ. ನನ್ನ ವಯಸ್ಸಿನವರು ಅದನ್ನೇ ಸ್ವಲ್ಪ ಸ್ಟೈಲಾಗಿ ‘ಬಜೆಟ್ ಟ್ರಿಪ್’ ಅಂತ ಕರೀತೀವಿ. ನಮ್ಮ ಜೇಬಿನಲ್ಲಿ ಇರೋದಕ್ಕಿಂತ ಹೆಚ್ಚು ಖರ್ಚು ಮಾಡದಿದ್ದರೆ ಮುಗೀತು, ನಮ್ಮ ಕಡೆಯಿಂದ ಏನೂ ತಪ್ಪಿಲ್ಲ ಅನ್ನೋದು ಇಬ್ಬರ ಲೆಕ್ಕಾಚಾರವೂ.

ಆದರೆ ಗಾದೆ ಒಂದು ಪ್ರಶ್ನೆ ಕೇಳೋದೇ ಇಲ್ಲ. ಆ ಹಾಸಿಗೆ ಯಾರದು? ಕಾಲು ಚಾಚಿದ್ದು ನಮ್ಮ ಹಾಸಿಗೆಯ ಮೇಲೇನಾ, ಅಥವಾ ಪಕ್ಕದಲ್ಲಿ ಮಲಗಿದವರದ್ದಾ? ಹೋದ ತಿಂಗಳು ಅಂಡಮಾನ್ ಪ್ರವಾಸದ ಪ್ಲಾನ್ ಹಾಕುವಾಗ ಈ ಪ್ರಶ್ನೆ ನನ್ನ ಎಕ್ಸೆಲ್ ಶೀಟಿನ ಒಂದು ಸಾಲಿನಲ್ಲಿ ಸಿಕ್ಕಿಹಾಕಿಕೊಂಡು ನಾಲ್ಕು ದಿನ ಕಾಡಿತು. ಆ ಸಾಲಿನ ಬಗ್ಗೆಯೇ ಈ ಬರಹ. ಮಧ್ಯದಲ್ಲಿ ಪ್ಲಾನಿನ ವಿಷಯವೂ ಬರುತ್ತೆ, ಯಾರಿಗಾದರೂ ಉಪಯೋಗವಾದರೆ ಆಗಲಿ.

ಮೊದಲು ಪ್ಲಾನ್. ನಾನು, ನನ್ನ ಹೆಂಡತಿ ಇಬ್ಬರೇ. ಇಬ್ಬರಿಗೂ ದ್ವೀಪ ಅಂದರೆ ಉಡುಪಿಯ ಸೇಂಟ್ ಮೇರೀಸ್ ಬಿಟ್ಟರೆ ಬೇರೆ ನೋಡಿದ್ದಿಲ್ಲ. ಇಎಂಐ, ಊರಿಗೆ ಕಳಿಸೋದು, ತಂಗಿಯ ಮದುವೆಗೆ ತೆಗೆದಿಡೋದು ಎಲ್ಲ ಕಳೆದ ಮೇಲೆ 80,000 ರೂಪಾಯಿ ಅಂತ ಗೆರೆ ಎಳೆದೆವು. ಮಾಲ್ಡೀವ್ಸ್ ಫೋಟೋಗಳನ್ನು ಲೈಕ್ ಮಾಡಿ ಬಿಟ್ಟೆವು. ಲಕ್ಷದ್ವೀಪಕ್ಕೆ ಪರ್ಮಿಟ್ ಬೇಕು. ಅಂಡಮಾನ್ ಆದರೆ ಭಾರತೀಯರಿಗೆ ಸಾಮಾನ್ಯ ಪ್ರವಾಸಿ ಜಾಗಗಳಿಗೆ ಅದರ ರಗಳೆ ಇಲ್ಲ, ಬೆಂಗಳೂರಿನಿಂದ ನೇರ ವಿಮಾನವಿದೆ, ಸುಮಾರು ಎರಡೂವರೆ ಗಂಟೆ. ಅಲ್ಲಿ ಎಂಟುನೂರಕ್ಕೂ ಹೆಚ್ಚು ದ್ವೀಪ, ಬಂಡೆಗಳಿದ್ದರೂ ಜನ ಇರೋದು ಮೂವತ್ತರ ಆಸುಪಾಸಿನಲ್ಲಿ ಮಾತ್ರ. ಪ್ರವಾಸಿಗರು ಹೋಗೋದು ಅದರಲ್ಲೂ ಬೆರಳೆಣಿಕೆಯಷ್ಟಕ್ಕೆ. ಹೆಸರುಗಳಲ್ಲಿ ಗೊಂದಲವಾಗದಿರಲಿ: ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ. ಬುಕಿಂಗ್ ಮಾಡುವಾಗ ಹಳೆಯದು, ಹೊಸದು ಎರಡೂ ಕಾಣುತ್ತವೆ. ನಾನು ಇಲ್ಲಿ ಬಾಯಿಗೆ ಬಂದ ಹಳೆಯ ಹೆಸರನ್ನೇ ಬಳಸ್ತೀನಿ.

ಮೊದಲ ಸಲ ಹೋಗುವವರ ಆಸೆ ಐದು ದಿನದಲ್ಲಿ ನಾಲ್ಕು ದ್ವೀಪ. ಕಾಗದದ ಮೇಲೆ ಅದು ಚೆನ್ನಾಗಿಯೇ ಕಾಣುತ್ತೆ. ಆದರೆ ಒಂದೊಂದು ಹಡಗಿನ ಪಯಣವೂ ಅರ್ಧ ದಿನ ನುಂಗುತ್ತೆ: ರೂಮ್ ಖಾಲಿ ಮಾಡು, ಜೆಟ್ಟಿಗೆ ಹೋಗು, ಲಗೇಜ್ ಕೊಡು, ಕಾಯಿ, ಇಳಿ, ಮತ್ತೆ ರೂಮ್ ಹುಡುಕು. ಮೇಲಾಗಿ ಅಷ್ಟು ಪೂರ್ವದಲ್ಲಿದ್ದರೂ ಅಲ್ಲಿ ನಡೆಯೋದು ನಮ್ಮದೇ ಗಡಿಯಾರ. ಜನವರಿಯಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು ಕವಿಯುತ್ತೆ. ಹಾಗಾಗಿ ನಮ್ಮದು ಆರು ರಾತ್ರಿಯ ಲೆಕ್ಕ: ಪೋರ್ಟ್ ಬ್ಲೇರ್ ಒಂದು, ಹ್ಯಾವ್‌ಲಾಕ್ ಎರಡು, ನೀಲ್ ಎರಡು, ಕೊನೆಗೆ ಮತ್ತೆ ಪೋರ್ಟ್ ಬ್ಲೇರ್ ಒಂದು. ಕೊನೆಯ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ಇರಬೇಕು. ಸಮುದ್ರ ಕೆಟ್ಟರೆ ಹಡಗು ರದ್ದಾಗುತ್ತೆ, ವಿಮಾನ ನಮಗಾಗಿ ಕಾಯಲ್ಲ.

ಶೀಟಿನಲ್ಲಿ ಬರೆದದ್ದು ಹೀಗೆ. ವಿಮಾನ 30,000. ವಸತಿ 16,000. ದ್ವೀಪದಿಂದ ದ್ವೀಪಕ್ಕೆ ಹಡಗು 9,000. ಊಟ ತಿಂಡಿ 9,000. ಸ್ಕೂಟರ್, ಆಟೋ 4,000. ಒಂದು ಸಲ ಸ್ಕೂಬಾ ಡೈವಿಂಗ್ ಇಬ್ಬರಿಗೆ 7,000. ಕೊನೆಗೆ ಬಾರಾಟಾಂಗ್, ಒಂದು ದಿನದ ಪ್ಯಾಕೇಜ್, 5,000. ಒಟ್ಟು ಸರಿಯಾಗಿ 80,000. ಇಷ್ಟು ನೀಟಾಗಿ ಕೂಡಿ ಬಂದಿದ್ದು ನೋಡಿ ಖುಷಿಯಾಗಿತ್ತು.

ಆಮೇಲೆ ಹಡಗಿನ ಸಾಲಿನಲ್ಲಿ ಉಳಿಸಬಹುದಾ ಅಂತ ನೋಡಿದೆ. ಖಾಸಗಿ ಕ್ಯಾಟಮರಾನ್‌ಗಳ ಟಿಕೆಟ್ ಸಾವಿರದ ಮೇಲೆ. ಸರ್ಕಾರಿ ಹಡಗು ನಿಧಾನ, ಆದರೆ ಬಹಳ ಅಗ್ಗ. ಅದರಲ್ಲಿ ದ್ವೀಪದವರಿಗೆ ಒಂದು ದರ, ಪ್ರವಾಸಿಗರಿಗೆ ಇನ್ನೊಂದು. ‘ಸರ್ಕಾರಿ ಹಡಗಲ್ಲಿ ಹೋಗಿ ದುಡ್ಡು ಉಳಿಸಿ’ ಅನ್ನೋದು ಎಲ್ಲ ಬಜೆಟ್ ಟಿಪ್ಸ್‌ಗಳಲ್ಲೂ ಇರುವ ಸಲಹೆ. ನನಗೂ ಮೊದಲು ಜಾಣತನವೇ ಅನ್ನಿಸಿತು.

ಇಲ್ಲಿ ನಮ್ಮೂರಿನ ಬಸ್ಸಿನ ವಿಷಯ ಹೇಳಬೇಕು. ನಮ್ಮೂರು ಮಲೆನಾಡಿನ ಅಂಚಿನಲ್ಲಿದೆ. ಬೆಳಿಗ್ಗೆ ಪೇಟೆಗೆ ಹೋಗೋದು ಒಂದೇ ಬಸ್. ಆಸ್ಪತ್ರೆ, ತಾಲೂಕು ಆಫೀಸು, ಕಾಲೇಜು, ಎಲ್ಲಕ್ಕೂ ಅದೇ. ಪಕ್ಕದ ಗುಡ್ಡ ಟ್ರೆಕ್ಕಿಂಗಿಗೆ ಹೆಸರಾದ ಮೇಲೆ ಭಾನುವಾರ, ಸೋಮವಾರದ ಆ ಬಸ್ಸಿನಲ್ಲಿ ಅರ್ಧ ಸೀಟು ರಕ್‌ಸ್ಯಾಕ್‌ಗಳದ್ದು. ಒಳ್ಳೆಯ ಹುಡುಗ ಹುಡುಗಿಯರೇ, ಅಜ್ಜಿಯರು ಹತ್ತಿದರೆ ಎದ್ದು ಜಾಗ ಕೊಡ್ತಾರೆ. ಆದರೆ ಬಸ್ ತುಂಬಿದೆ ಅಂತ ಕಂಡಕ್ಟರ್ ಮುಂದಿನ ಸ್ಟಾಪಿನಲ್ಲಿ ನಿಲ್ಲಿಸದೇ ಹೋದರೆ, ಆ ಸ್ಟಾಪಿನಲ್ಲಿ ನಿಂತವರು ಅವರಿಗೆ ಕಾಣೋದೇ ಇಲ್ಲ. ಎದ್ದು ಜಾಗ ಕೊಡೋಕೆ ಎದುರಿಗೆ ಯಾರಾದರೂ ಇರಬೇಕಲ್ಲ.

ಸರ್ಕಾರಿ ಹಡಗಿನ ಟಿಕೆಟ್ ಅಗ್ಗವಾಗಿರೋದು ನನಗೋಸ್ಕರ ಅಲ್ಲ. ಹ್ಯಾವ್‌ಲಾಕಿನ ಒಬ್ಬಾಕೆ ಸ್ಕ್ಯಾನಿಂಗಿಗೆ ಪೋರ್ಟ್ ಬ್ಲೇರಿಗೆ ಹೋಗಬೇಕು, ನೀಲ್‌ನ ರೈತ ತರಕಾರಿ ಸಾಗಿಸಬೇಕು ಅಂತ. ನಾನು ಉಳಿಸುವ ಸಾವಿರಗಳು ಆಕಾಶದಿಂದ ಬಂದದ್ದಲ್ಲ, ಆ ವ್ಯವಸ್ಥೆಯೊಳಗಿಂದ ಬಂದದ್ದು. ಹಾಗಂತ ಸರ್ಕಾರಿ ಹಡಗು ಹತ್ತಲೇಬಾರದು ಅಂತ ನಾನು ಹೇಳಲ್ಲ. ಪ್ರವಾಸಿಗರಿಗೆ ಅಂತ ದರ ಇಟ್ಟು ಟಿಕೆಟ್ ಮಾರುತ್ತಿದ್ದಾರೆ, ಅದನ್ನು ಕೊಂಡು ಹೋಗೋದರಲ್ಲಿ ಕಳ್ಳತನವಿಲ್ಲ. ಆದರೆ ತುಂಬಿದ ಸೀಸನ್‌ನಲ್ಲಿ, ಕೊಡಲು ಶಕ್ತಿ ಇದ್ದೂ, ಉಳಿದಿರೋ ಕೆಲವೇ ಸೀಟಿಗೆ ಮುಗಿಬೀಳೋದು ಜಾಣತನ ಅಂತ ಈಗ ಅನ್ನಿಸ್ತಿಲ್ಲ. 9,000 ಹಾಗೇ ಉಳಿಯಿತು.

ನೀರಿನದ್ದೂ ಇದೇ ಕಥೆ. ಅಂಡಮಾನಿನಲ್ಲಿ ಮಳೆ ಧಾರಾಳ, ಆದರೆ ಮಳೆಗಾಲಕ್ಕೆ ಮುಂಚಿನ ಒಣ ತಿಂಗಳುಗಳಲ್ಲಿ ಕುಡಿಯುವ ನೀರಿಗೆ ಕಷ್ಟ. ಪೋರ್ಟ್ ಬ್ಲೇರಿನಂಥ ಕಡೆಯೇ ಧನಿಖಾರಿ ಅಣೆಕಟ್ಟಿನ ನೀರು ತಗ್ಗಿದಾಗ ನಲ್ಲಿಗೆ ರೇಷನ್ ಶುರುವಾಗುತ್ತೆ. ನೀರಿನ ಟ್ಯಾಂಕರಿಗೆ ಕಾದು ಗೊತ್ತಿರುವ ಬೆಂಗಳೂರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪೂಲ್ ಇರುವ ರೂಮ್ ಬಿಟ್ಟು ಬಕೆಟ್ ಇರುವ ರೂಮ್ ಬುಕ್ ಮಾಡಿದೆವು. ದುಡ್ಡೂ ಉಳಿಯಿತು, ಸುಲಭವಾಗಿಯೂ ಮುಗಿಯಿತು.

ಸುಲಭವಾಗಿ ಮುಗಿಯದ್ದು ಬಾರಾಟಾಂಗ್.

ಅಲ್ಲಿ ಸುಣ್ಣದ ಕಲ್ಲಿನ ಗುಹೆಗಳಿವೆ, ಮಣ್ಣು ಉಗುಳುವ ಜ್ವಾಲಾಮುಖಿ ಇದೆ, ಮ್ಯಾಂಗ್ರೋವ್ ಕಾಡಿನ ನಡುವೆ ದೋಣಿ ಪಯಣ ಇದೆ. ನನ್ನ ಹೆಂಡತಿ ಓದಿದ್ದು ಜಿಯಾಲಜಿ. ಕೆಲಸ ಮಾತ್ರ ಬ್ಯಾಂಕಿನಲ್ಲಿ. ಇಡೀ ಪ್ರವಾಸದಲ್ಲಿ ಅವಳು ಬಾಯಿಬಿಟ್ಟು ಬೇಕು ಅಂತ ಕೇಳಿದ್ದು ಇದೊಂದೇ. ಅಲ್ಲಿಗೆ ಹೋಗುವವರು ಬೆಳಗಿನ ಜಾವ ಮೂರಕ್ಕೋ ಮೂರೂವರೆಗೋ ಹೊರಟು ಜಿರ್ಕಾಟಾಂಗ್ ಚೆಕ್‌ಪೋಸ್ಟಿನಲ್ಲಿ ಸಾಲು ನಿಲ್ಲಬೇಕು. ಅಲ್ಲಿಂದ ಗಾಡಿಗಳನ್ನು ಗುಂಪಾಗಿ, ಪೊಲೀಸ್ ಕಾವಲಿನಲ್ಲಿ ಬಿಡ್ತಾರೆ. ಮಧ್ಯೆ ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಯಾಕೆಂದರೆ ಮುಂದಿನ ಸುಮಾರು ಐವತ್ತು ಕಿಲೋಮೀಟರ್ ರಸ್ತೆ ಜರಾವಾ ಜನರ ಮೀಸಲು ಕಾಡಿನೊಳಗೆ ಹಾದು ಹೋಗುತ್ತೆ.

ಜರಾವಾ ಜನ ಕೆಲವೇ ನೂರು ಮಂದಿ ಇದ್ದಾರೆ. 1990ರ ದಶಕದ ಕೊನೆಯ ತನಕ ಹೊರಗಿನವರನ್ನು ಹತ್ತಿರ ಸೇರಿಸದೆ ಬದುಕಿದವರು. ಆಮೇಲೆ ಕಾಡಿನಿಂದ ಹೊರಗೆ ಬರಲು ಶುರುಮಾಡಿದರು. 1999ರಲ್ಲಿ ಅವರಲ್ಲಿ ದಡಾರ ಹರಡಿತು. ನಮಗೆ ಅಮ್ಮ ಬೇವಿನ ಸೊಪ್ಪು ಹಾಸಿ ಮಲಗಿಸಿದ ಕಾಯಿಲೆ, ಅದನ್ನು ಎಂದೂ ಕಾಣದ ಮೈಗಳಿಗೆ ಬೇರೆಯದೇ. ಪಕ್ಕದ ಗ್ರೇಟ್ ಅಂಡಮಾನೀಸ್ ಜನರ ಕಥೆ ಇದಕ್ಕೆ ಎಚ್ಚರಿಕೆಯಂತಿದೆ. 1858ರಲ್ಲಿ ಬ್ರಿಟಿಷರು ಕೈದಿಗಳ ವಸಾಹತು ಹೂಡಿದಾಗ ಅವರು ಸಾವಿರಗಳಲ್ಲಿದ್ದರು. 1961ರ ಜನಗಣತಿಯಲ್ಲಿ ಸಿಕ್ಕಿದ್ದು 19 ಮಂದಿ. ಅವರ ಬೋ ಭಾಷೆಯನ್ನು ಮಾತಾಡುತ್ತಿದ್ದ ಕೊನೆಯ ಹೆಂಗಸು 2010ರ ಜನವರಿಯಲ್ಲಿ ತೀರಿಕೊಂಡರು.

ರಸ್ತೆಯ ವಿಷಯ ಕೋರ್ಟಿಗೂ ಹೋಗಿದೆ. ಮೀಸಲು ಕಾಡಿನ ಭಾಗದಲ್ಲಿ ಈ ರಸ್ತೆ ಮುಚ್ಚಬೇಕು ಅಂತ 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಮುಚ್ಚಲಿಲ್ಲ. 2012ರ ಜನವರಿಯಲ್ಲಿ ಬ್ರಿಟನ್ನಿನ ‘ದಿ ಅಬ್ಸರ್ವರ್’ ಪತ್ರಿಕೆ ಜರಾವಾ ಹೆಂಗಸರನ್ನು ಪ್ರವಾಸಿಗರ ಎದುರು ಕುಣಿಸುತ್ತಿದ್ದ ವಿಡಿಯೋ ಹೊರಗೆ ತಂದಿತು. ತಿಂಡಿ ಕೊಟ್ಟು, ‘ಕುಣಿ’ ಅಂತ. ಮರುವರ್ಷ ಜನವರಿಯಲ್ಲಿ ಕೋರ್ಟ್ ಪ್ರವಾಸಿಗರ ಓಡಾಟ ನಿಲ್ಲಿಸಿತು, ಕೆಲವೇ ವಾರಗಳಲ್ಲಿ ಆ ತಡೆ ತೆರವಾಯಿತು. ಪ್ಯಾಕೇಜ್ ಕೇಳಿ ಫೋನ್ ಮಾಡಿದಾಗ ಒಬ್ಬ ಏಜೆಂಟ್ ನಾನು ಕೇಳದೇ ಇದ್ದರೂ ಹೇಳಿದ, “ಲಕ್ ಇದ್ರೆ ದಾರಿಯಲ್ಲಿ ಅವರೂ ಸಿಗ್ತಾರೆ ಸಾರ್.” ನಾಗರಹೊಳೆ ಸಫಾರಿಯಲ್ಲಿ ಹುಲಿ ಸಿಗುತ್ತೆ ಅನ್ನುವ ಧಾಟಿಯಲ್ಲೇ.

ನಾವಿಬ್ಬರೂ ಈ ಒಂದು ಸಾಲಿನ ಮೇಲೆ ವಾದ ಮಾಡಿದೆವು. ಅವಳ ವಾದ ಹಗುರದ್ದಲ್ಲ, ಹಾಗಾಗಿ ಪೂರ್ತಿ ಬರೀತೀನಿ.

ಮೊದಲನೆಯದು: “ನಾವು ಹೋಗ್ತಿರೋದು ಗುಹೆ ನೋಡೋಕೆ. ಅವರನ್ನ ನೋಡೋಕೆ ಅಲ್ಲ. ನಾನು ಕಣ್ಣು ಮುಚ್ಕೊಂಡೇ ಕೂತಿರ್ತೀನಿ ಬೇಕಾದ್ರೆ.” ಉದ್ದೇಶ ಮುಖ್ಯ ಅನ್ನೋದನ್ನು ನಾನೂ ಒಪ್ತೀನಿ. ಗುರಿಯಿಟ್ಟು ಮಾಡಿದ ಕೆಡುಕು ಬೇರೆ, ಬೇರೇನೋ ಮಾಡುವಾಗ ಜೊತೆಗೆ ಆಗುವ ಕೆಡುಕು ಬೇರೆ. ಆದರೆ ಎರಡನೆಯದಕ್ಕೂ ಒಂದು ಷರತ್ತಿದೆ: ಮಾಡಲು ಹೊರಟ ಒಳ್ಳೆಯದು ಆ ಕೆಡುಕನ್ನು ತೂಗುವಷ್ಟು ದೊಡ್ಡದಿರಬೇಕು. ಗರ್ಭಿಣಿಯನ್ನು ಆಸ್ಪತ್ರೆಗೆ ಒಯ್ಯುವ ಗಾಡಿಯೂ ಆ ರಸ್ತೆಯಲ್ಲೇ ಹೋಗುತ್ತೆ. ರಂಗತ್, ಮಾಯಾಬಂದರ್, ದಿಗ್ಲಿಪುರದ ಜನರಿಗೆ ಅದು ಬದುಕಿನ ದಾರಿ, ಅವರ ಕಷ್ಟವನ್ನು ಬೆಂಗಳೂರಿನಲ್ಲಿ ಕೂತು ಅಳೆಯೋಕೆ ನಾನು ಯಾರು? ಅವರದ್ದು ಅಗತ್ಯ. ನಮ್ಮದು ರಜೆ. ಗಾಡಿ ಒಂದೇ ಥರ ಕಂಡರೂ ತಕ್ಕಡಿಯಲ್ಲಿ ಒಂದೇ ಅಲ್ಲ.

ಎರಡನೆಯದು: “ನಮ್ಮಿಬ್ಬರಿಂದ ಏನಾಗತ್ತೆ? ಆ ವ್ಯಾನ್ ಹೇಗೂ ಹೋಗೇ ಹೋಗತ್ತೆ.” ಇದಕ್ಕೆ ನನ್ನ ಕಸುಬಿನಲ್ಲೇ ಉತ್ತರವಿದೆ. ಹಬ್ಬದ ಸೇಲ್ ದಿನ ಸರ್ವರ್ ಮಲಗಿಬಿಟ್ಟಾಗ ಲಾಗ್ ತೆಗೆದು ನೋಡಿ. ಲಕ್ಷಾಂತರ ರಿಕ್ವೆಸ್ಟ್‌ಗಳಿರುತ್ತವೆ, ಒಂದೊಂದೂ ಅಮಾಯಕ. ಯಾವುದೋ ಒಂದನ್ನು ಎತ್ತಿ ‘ಇದರಿಂದ ಸರ್ವರ್ ಬಿತ್ತು’ ಅಂತ ಹೇಳೋಕಾಗಲ್ಲ. ಆದರೂ ಸರ್ವರ್ ಬಿದ್ದಿರುತ್ತೆ, ಬೀಳಿಸಿದ್ದು ಆ ರಿಕ್ವೆಸ್ಟ್‌ಗಳೇ. ‘ನನ್ನೊಬ್ಬನಿಂದ ಏನಾಗುತ್ತೆ’ ಅನ್ನೋ ಮಾತು ಲೆಕ್ಕದಲ್ಲಿ ನಿಜ, ಆದರೆ ಆ ವ್ಯಾನಿನಲ್ಲಿ ಕೂತ ಪ್ರತಿಯೊಬ್ಬರೂ ಅದನ್ನೇ ಹೇಳಬಹುದು. ಎಲ್ಲರ ಮಾತೂ ನಿಜವಾದರೆ ಆ ವ್ಯಾನ್ ತುಂಬಿದ್ದು ಹೇಗೆ?

ಮೂರನೆಯದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ: “ಬಾರಾಟಾಂಗ್‌ನಲ್ಲಿ ದೋಣಿ ನಡೆಸೋರು, ಗೈಡ್‌ಗಳು, ಇಡ್ಲಿ ಅಂಗಡಿ ಇಟ್ಕೊಂಡಿರೋರು ಏನು ಮಾಡ್ಬೇಕು? ಅವರೂ ಬಡವರೇ. ನಿನ್ನ ಮನಸ್ಸಾಕ್ಷಿಗೆ ಅವರು ಯಾಕೆ ದುಡ್ಡು ಕಳ್ಕೋಬೇಕು?” ನಿಜ. ನಾನು ಹೋಗದಿದ್ದರೆ ಒಬ್ಬ ದೋಣಿಯವನಿಗೆ ಅಂದಿನ ಒಂದಿಷ್ಟು ದುಡ್ಡು ತಪ್ಪುತ್ತೆ, ಜರಾವಾ ಮಗುವಿಗೆ ಅದರಿಂದ ಏನೂ ಸಿಗಲ್ಲ. ನಾನು ಹೇಳಬಹುದಾದ್ದು ಇಷ್ಟೇ: ಆ ದೋಣಿಯವನು ನನ್ನ ಜೊತೆ ವ್ಯಾಪಾರಕ್ಕೆ ಕೂತಿದ್ದಾನೆ. ದರ ಹೇಳ್ತಾನೆ, ಚೌಕಾಸಿ ಮಾಡ್ತಾನೆ, ಬೇಡ ಅಂದರೆ ಬೇಡ ಅಂತಾನೆ. ಅವನ ನಷ್ಟಕ್ಕೆ ಸರ್ಕಾರವನ್ನು ಕೇಳೋಕೆ ಅವನಿಗೆ ಓಟಿದೆ, ದನಿಯಿದೆ. ರಸ್ತೆಯ ಪಕ್ಕ ನಿಂತವರನ್ನು ಈ ವ್ಯಾಪಾರಕ್ಕೆ ಯಾರೂ ಕರೆದೇ ಇಲ್ಲ.

ಈ ‘ಬೇಡ ಅನ್ನೋ ಅವಕಾಶ’ದ ಬೆಲೆ ನನಗೆ ಗೊತ್ತಾಗಿದ್ದು ಪುಸ್ತಕದಿಂದಲ್ಲ. ನಮ್ಮೂರಿನ ಹತ್ತಿರ ಹೋಮ್‌ಸ್ಟೇಗಳು ಬಂದ ಮೇಲೆ ನಮ್ಮ ಅಂಗಳವೂ ಒಂದು ‘ವ್ಯೂ’ ಆಯಿತು. ಒಮ್ಮೆ ಅಮ್ಮ ಅಂಗಳದಲ್ಲಿ ಅಡಿಕೆ ಹರವುತ್ತಿದ್ದಾಗ ದಾರಿಯಲ್ಲಿ ಹೋಗುತ್ತಿದ್ದ ಮೂವರು ನಿಂತು ವಿಡಿಯೋ ತೆಗೆದರು. ಬೆಳಕು ಸರಿ ಬರಲಿಲ್ಲ ಅನ್ಸುತ್ತೆ, “ಆಂಟಿ, ಇನ್ನೊಂದ್ಸಲ ಹಾಗೇ ಮಾಡಿ ಪ್ಲೀಸ್” ಅಂದರು. ಅಮ್ಮ ಮಾಡಿದರು. ಆಮೇಲೆ ಅವರನ್ನೇ ಕೂರಿಸಿ ಕಾಫಿ ಕೊಟ್ಟರು. ನನಗೆ ಮೈ ಉರಿಯಿತು. ಅವರು ಹೋದ ಮೇಲೆ ಕೇಳಿದರೆ ಅಮ್ಮ, “ಏನೋ ಪಾಪ, ಪೇಟೆ ಮಕ್ಕಳು, ಕಂಡಿರಲ್ಲ. ನಾಳೆ ಬಂದು ಮತ್ತೆ ಹಂಗೇ ಕೇಳಿದ್ರೆ ಅವರ ಕೈಲೇ ಹರವಿಸ್ತೀನಿ” ಅಂದು ನಕ್ಕರು.

ಇದು ಜರಾವಾರ ಕಥೆಗೆ ಹೋಲಿಕೆ ಅಂತ ನಾನು ಹೇಳ್ತಿಲ್ಲ. ವ್ಯತ್ಯಾಸ ಎಷ್ಟು ದೊಡ್ಡದು ಅಂತ ಹೇಳೋಕೆ ಹೇಳಿದೆ. ಅಮ್ಮನಿಗೆ ಕ್ಯಾಮೆರಾ ಅಂದರೇನು ಗೊತ್ತು, ವಿಡಿಯೋ ಎಲ್ಲಿಗೆ ಹೋಗುತ್ತೆ ಗೊತ್ತು, ಬೇಡ ಅನ್ನಿಸಿದರೆ ಬಾಗಿಲು ಹಾಕೋಕೆ ಗೊತ್ತು. ಬಂದವರ ಭಾಷೆ ಬರುತ್ತೆ, ಅವರನ್ನು ನೋಡಿ ನಗೋಕೂ ಬರುತ್ತೆ. ಇಷ್ಟೆಲ್ಲ ಇದ್ದೂ ನನಗೆ ಮೈ ಉರಿಯಿತು. ಇದ್ಯಾವುದೂ ಇಲ್ಲದ ಕಡೆ, ನಮ್ಮ ಕೆಮ್ಮು ನೆಗಡಿಯೂ ಅಪಾಯವಾಗಬಹುದಾದ ಕಡೆ, ವ್ಯಾನಿನ ಗಾಜಿನೊಳಗೆ ಕೂತು ಹಾದು ಹೋಗೋದನ್ನು ‘ನೋಡಿದರೇನಂತೆ’ ಅಂತ ತಳ್ಳಿಹಾಕೋದು ನನ್ನಿಂದ ಆಗಲಿಲ್ಲ. ನೋಡೋಕೆ ದುಡ್ಡು ಕೊಟ್ಟಿದ್ದೇವೆ ಅಂದರೆ ಸಾಲದು. ನೋಡಿಸಿಕೊಳ್ಳುವವರು ಒಪ್ಪಿದ್ದಾರಾ ಅನ್ನೋದೂ ಬೇಕು. ಒಪ್ಪಿಗೆ ಕೇಳೋಕೆ ದಾರಿಯೇ ಇಲ್ಲದ ಕಡೆ ಉಳಿಯೋದು ಒಂದೇ ಮರ್ಯಾದೆ, ದೂರ ಇರೋದು.

“ಹಾಗಾದ್ರೆ ನಿನಗೆ ಸಿಗೋದು ಸಮಾಧಾನ, ನಾನು ಕಳ್ಕೊಳ್ಳೋದು ಗುಹೆ,” ಅಂದಳು ಅವಳು. ಇದಕ್ಕೂ ಸುಲಭದ ಉತ್ತರವಿಲ್ಲ. ತತ್ವವನ್ನು ಒಬ್ಬರು ಹಿಡಿದು ಅದರ ಬಿಲ್ಲನ್ನು ಇನ್ನೊಬ್ಬರ ಕೈಗೆ ಕೊಡೋದು ನಮ್ಮ ಮನೆಗಳಲ್ಲಿ ಹಳೆಯ ರೂಢಿ. ಗಂಡನ ವ್ರತಕ್ಕೆ ಹೆಂಡತಿ ಒಲೆ ಮುಂದೆ ನಿಂತ ಹಾಗೆ. ಅದಕ್ಕೇ ನಾನು ಶೀಟಿನಿಂದ ಆ ಸಾಲನ್ನು ಅಳಿಸಲಿಲ್ಲ, ಲ್ಯಾಪ್‌ಟಾಪ್ ಅವಳ ಕಡೆ ತಿರುಗಿಸಿ ಬಿಟ್ಟೆ. ಆ 2012ರ ಸುದ್ದಿಯನ್ನೂ ರಸ್ತೆಯ ನಕ್ಷೆಯನ್ನೂ ಅವಳೇ ಹುಡುಕಿ ಓದಿದಳು. ಎರಡು ದಿನ ಬಿಟ್ಟು ಅವಳೇ ಸಾಲು ತೆಗೆದಳು. ಸುಣ್ಣದ ಕಲ್ಲಿನ ಗುಹೆಗೆ ಬದಲಿ ಇದೆ, ಆಂಧ್ರದ ಬೊರ್ರಾ ಗುಹೆಗಳಿಗೆ ವಿಶಾಖಪಟ್ಟಣದಿಂದ ರೈಲಿನಲ್ಲೇ ಹೋಗಬಹುದು. ಅದು ಮುಂದಿನ ವರ್ಷಕ್ಕೆ. ಮಣ್ಣಿನ ಜ್ವಾಲಾಮುಖಿಗೆ ಬದಲಿ ಸಿಗಲಿಲ್ಲ. ಅದು ಅವಳು ಬಿಟ್ಟುಕೊಟ್ಟದ್ದು, ನಾನಲ್ಲ.

ಉಳಿದ 5,000 ಮತ್ತು ಒಂದು ಇಡೀ ದಿನವನ್ನು ನೀಲ್‌ಗೆ ಕೊಟ್ಟೆವು. ಎರಡು ರಾತ್ರಿ ಇದ್ದದ್ದು ಮೂರಾಯಿತು, ಪೋರ್ಟ್ ಬ್ಲೇರಿನಲ್ಲಿ ಕೊನೆಯದೊಂದೇ ರಾತ್ರಿ. ವಿಮಾನ ಬೆಳಿಗ್ಗೆಯೇ ಇಳಿಯುವುದರಿಂದ ಮಧ್ಯಾಹ್ನದ ಹಡಗಿಗೆ ಸಮಯ ಸಾಕು. ನೀಲ್ ಚಿಕ್ಕ ದ್ವೀಪ, ಸೈಕಲ್ಲಿನಲ್ಲೇ ಸುತ್ತಬಹುದು, ಹೊಲ ತೋಟಗಳಿವೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ನೆಲೆಸಿದವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ಬೇಸಾಯ ಮಾಡ್ತಾರೆ, ರೂಮ್ ಬಾಡಿಗೆಗೂ ಕೊಡ್ತಾರೆ. ನಾವು ಬುಕ್ ಮಾಡಿದ ಮನೆಯಾಕೆ ಫೋನಿನಲ್ಲಿ ಮೊದಲೇ ಹೇಳಿದ್ದಾರೆ: ಮೀನಿನ ಊಟ ಬೇಕಾದರೆ ಹಿಂದಿನ ದಿನ ತಿಳಿಸಬೇಕು, ರಾತ್ರಿ ಒಂಬತ್ತರ ಮೇಲೆ ಗಲಾಟೆ ಮಾಡಬಾರದು, ಅಡುಗೆಮನೆಗೆ ಬರಬಾರದು. ಮೂರು ಷರತ್ತು. ನನಗೆ ಬಹಳ ಇಷ್ಟವಾಯಿತು. ಅದು ಅವರ ಮನೆ, ಷರತ್ತು ಹಾಕೋಕೆ ಅವರಿಗೆ ಬರುತ್ತೆ.

ನೀವೂ ಹೊರಟಿದ್ದರೆ, ಶೀಟಿನಲ್ಲಿ ‘ಎಷ್ಟು’ ಅನ್ನೋ ಕಾಲಂ ಪಕ್ಕ ‘ಉಳಿದದ್ದನ್ನು ಯಾರು ಕಟ್ತಾರೆ’ ಅಂತ ಇನ್ನೊಂದು ಕಾಲಂ ಹಾಕಿ ನೋಡಿ. ಎಲ್ಲ ಸಾಲಿಗೂ ಉತ್ತರ ಸಿಗಲ್ಲ. ವಿಮಾನದ ಹೊಗೆಯ ಮುಂದೆ ನಾನು ಏನು ಬರೆಯಬೇಕೋ ನನಗಿನ್ನೂ ಗೊತ್ತಾಗಿಲ್ಲ, ಆ ಚೌಕ ಖಾಲಿಯೇ ಇದೆ. ಟಿಕೆಟ್ ಮಾತ್ರ ಬುಕ್ ಆಗಿದೆ, ಜನವರಿ ಎರಡನೇ ವಾರಕ್ಕೆ.